ಇನ್ನೊಬ್ಬರ ಉತ್ತರ, ನನ್ನ ಅಕ್ಷರ

ಪರೀಕ್ಷೆಗಳು ಹತ್ತಿರ ಬಂದಂತೆ ನನಗೆ ಫೋನು ಬರತೊಡಗುತ್ತದೆ. "ಅಕ್ಕಾ, ಸೋಮವಾರ ಬಿಡುವು ಐತೇನ್ರಿ? ಹಿಸ್ಟರಿ ಪೇಪರ್." ಕಣ್ಣು ಕಾಣದ ವಿದ್ಯಾರ್ಥಿ ಬಾಯಲ್ಲಿ ಹೇಳಿದ್ದನ್ನು ಉತ್ತರ ಪತ್ರಿಕೆಯಲ್ಲಿ ಬರೆದುಕೊಡುವುದು ಸ್ಕ್ರೈಬ್ ಕೆಲಸ. ಅಭ್ಯರ್ಥಿ ತಾನೇ ಕರೆತರುವ ಸ್ಕ್ರೈಬ್ ಅವನಿಗಿಂತ ಒಂದು ಹಂತ ಕಡಿಮೆ ಓದಿರಬೇಕು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು ಎಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳಿತು. ನಾನು ಓದಿದ್ದು ಬಿ.ಕಾಂ. ಹಾಗಾಗಿ ಎಂ.ಎ. ಓದುವವರಿಗೆ ಬರೆಯುತ್ತೇನೆ. ಮೂರು ಗಂಟೆಯ ಪರೀಕ್ಷೆ ನಮಗೆ ನಾಲ್ಕು ಗಂಟೆ.

ಕೇಳಿದ್ದನ್ನು ಬರೆಯುವುದರಲ್ಲಿ ಏನು ಕಷ್ಟ ಎನ್ನಿಸಬಹುದು. ಕಷ್ಟವಿರುವುದು ಕೈಗಲ್ಲ, ಮನಸ್ಸಿಗೆ. ಕೊಪ್ಪಳ ಕಡೆಯ ಹುಡುಗನೊಬ್ಬ ವಿಜಯನಗರದ ಪತನದ ಬಗ್ಗೆ ಹೇಳುತ್ತಾ ತಾಳೀಕೋಟೆ ಯುದ್ಧ ನಡೆದದ್ದು 1556ರಲ್ಲಿ ಎಂದುಬಿಟ್ಟ. 1565 ಎಂದು ನನಗೆ ಗೊತ್ತು. ಆದರೆ ಬರೆಯಬೇಕಾದ್ದು ಅವನ ಉತ್ತರ, ಪಡೆಯಬೇಕಾದ್ದು ಅವನ ಅಂಕ. 1556 ಎಂದೇ ಬರೆದೆ. ಎರಡು ಪುಟ ಮುಂದೆ ಹೋಗಿ ರಾಮರಾಯನ ವಿಷಯ ಹೇಳುತ್ತಿದ್ದವನು ತಟ್ಟನೆ ನಿಂತ. "ಅಕ್ಕಾ, ಹಿಂದ ಇಸವಿ ಏನ್ ಹೇಳೀನಿ? ಓದ್ರಿ." ಓದಿದೆ. "ತಪ್ಪಾತು. ಹದಿನೈದುನೂರ ಅರವತ್ತೈದು ಮಾಡ್ರಿ." ಆ ಅಂಕಿಯನ್ನು ಹೊಡೆದುಹಾಕಿ ಸರಿ ಇಸವಿ ಬರೆದಾಗ ಆದ ಆನಂದ, ನನ್ನದೇ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ಬಂದಾಗಲೂ ಆದದ್ದಿಲ್ಲ. ನಾನು ಬಾಯಿಬಿಟ್ಟಿದ್ದರೆ ಅವನಿಗೆ ಅರ್ಧ ಅಂಕ ಸಿಗುತ್ತಿತ್ತೇನೋ. ತನ್ನ ತಪ್ಪನ್ನು ತಾನೇ ಹಿಡಿದ ಹೆಮ್ಮೆ ಸಿಗುತ್ತಿರಲಿಲ್ಲ.

ಆ ನಾಲ್ಕು ಗಂಟೆ ಮನೆಯ ಸಾಲ, ಮಂಡಿನೋವು, ಮಗಳ ಮದುವೆ ಯಾವುದೂ ನೆನಪಿಗೆ ಬರುವುದಿಲ್ಲ. ಕಿವಿಯೆಲ್ಲ ಇನ್ನೊಬ್ಬರ ಮಾತಿನ ಮೇಲಿರುವಾಗ ನನ್ನ ಚಿಂತೆಗೆ ಜಾಗವೇ ಇರುವುದಿಲ್ಲ. ಸಂಜೆ ಬೆರಳು ನೋಯುತ್ತವೆ, ಮನಸ್ಸು ಹಗುರಾಗಿರುತ್ತದೆ.

ಇಂಥ ಸಂತೋಷವನ್ನು ಅಳೆದು ನೋಡಿದವರೂ ಇದ್ದಾರೆ. ಕೆನಡಾದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಡನ್ ಮತ್ತು ಸಂಗಡಿಗರು ಕೆಲವರಿಗೆ ಬೆಳಿಗ್ಗೆ 5 ಅಥವಾ 20 ಡಾಲರ್ ಕೊಟ್ಟು, ಸಂಜೆ ಐದರೊಳಗೆ ಖರ್ಚು ಮಾಡಿ ಎಂದರು. ಅರ್ಧ ಜನ ತಮಗಾಗಿ, ಇನ್ನರ್ಧ ಜನ ಬೇರೆಯವರಿಗಾಗಿ. ಬೇರೆಯವರಿಗೆ ಖರ್ಚು ಮಾಡಿದವರೇ ಹೆಚ್ಚು ಸಂತೋಷವಾಗಿದ್ದರು. 5 ಡಾಲರೋ 20 ಡಾಲರೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಈ ಅಧ್ಯಯನ ಬಹಳ ಪ್ರಸಿದ್ಧ. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ನೆಟ್ಟಾ ವೈನ್‌ಸ್ಟೈನ್ ಮತ್ತು ರಿಚರ್ಡ್ ರಯಾನ್ 2010ರಲ್ಲಿ ಪ್ರಕಟಿಸಿದ್ದು. ನೆರವಾದವರಿಗೆ ನೆಮ್ಮದಿ ಸಿಕ್ಕಿದ್ದು ಮನಸಾರೆ, ತಾವಾಗಿ ಮಾಡಿದಾಗ. ಒತ್ತಾಯಕ್ಕೆ ಮಾಡಿದಾಗ ಅದು ಸಿಗಲಿಲ್ಲ. ಅಷ್ಟೇ ಅಲ್ಲ, ಮನಸಾರೆ ಮಾಡಿದ ಸಹಾಯ ಪಡೆದವರಿಗೂ ಹೆಚ್ಚು ಹಿತವೆನಿಸಿತ್ತು.

ಪರೋಪಕಾರದಿಂದ ಸುಖ ಎಂದು ನಾವು ಸಲೀಸಾಗಿ ಹೇಳುವ ಮಾತು ಇಲ್ಲಿ ಸ್ವಲ್ಪ ತಡೆಯಬೇಕು. ಪರೀಕ್ಷೆ ಬರೆಯಲು ನಾನು ಹೋಗುವುದು ಇಷ್ಟಪಟ್ಟು; ಆಗುವುದಿಲ್ಲ ಎಂದರೆ ಯಾರೂ ನನ್ನನ್ನು ಬೈಯುವುದಿಲ್ಲ. ನಮ್ಮ ಬೀದಿಯ ಒಂದು ಮನೆಯಲ್ಲಿ ಪಾರ್ಶ್ವವಾಯು ಬಡಿದ ಅತ್ತೆಯನ್ನು ಸೊಸೆ ವರ್ಷಗಳಿಂದ ನೋಡಿಕೊಳ್ಳುತ್ತಿದ್ದಾಳೆ. ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಗಂಜಿ ಕುಡಿಸುವುದು, ರಾತ್ರಿ ಎರಡು ಮೂರು ಸಲ ಏಳುವುದು. ಆಕೆ ಆಗುವುದಿಲ್ಲ ಎನ್ನುವಂತಿಲ್ಲ. ಬಂದ ನೆಂಟರೆಲ್ಲ "ಪುಣ್ಯದ ಕೆಲಸ ಕಣಮ್ಮ" ಎಂದು ಹೇಳಿ ಕಾಫಿ ಕುಡಿದು ಹೋಗುತ್ತಾರೆ. ಆ ಲೋಟಗಳನ್ನು ತೊಳೆಯುವವಳೂ ಅವಳೇ. ಆಕೆಯ ಮುಂದೆ ಸೇವೆಯ ಆನಂದದ ಮಾತಾಡುವುದು ಕ್ರೂರ ಎಂದೇ ನನ್ನ ಭಾವನೆ. ಅತ್ತೆಯ ಮೇಲೆ ಆಕೆಗೆ ಪ್ರೀತಿ ಇಲ್ಲವೆಂದಲ್ಲ. ಪ್ರೀತಿ ಇದ್ದವರಿಗೂ ದಣಿವಾಗುತ್ತದೆ.

ಪಕ್ಕದ ಮನೆಯವರೂ ನಾನೂ ಮಾತಾಡಿಕೊಂಡು, ಶನಿವಾರ ಮಧ್ಯಾಹ್ನ ಸರದಿಯ ಮೇಲೆ ಆ ಅಜ್ಜಿಯ ಬಳಿ ಕೂರುತ್ತೇವೆ. ಮೊದಲು ಆ ಸೊಸೆಗೆ ಸಂಕೋಚವಿತ್ತು, ಅಡಿಗೆಮನೆಯಿಂದ ಆಚೆ ಬರುತ್ತಲೇ ಇರಲಿಲ್ಲ. ಈಗ ಹೊಲಿಗೆ ಕಲಿಯಲು ಹೋಗುತ್ತಾಳೆ; ಕೆಲವು ಶನಿವಾರ ಹೊಲಿಗೆಯನ್ನೂ ಬಿಟ್ಟು ಗೆಳತಿಯ ಮನೆಗೆ ಹೋಗಿ ಬರುತ್ತಾಳೆ. ಎಲ್ಲಿಗೆ ಎಂದು ನಾವು ಕೇಳುವುದಿಲ್ಲ, ಅವಳೇ ಬಂದು ಹೇಳುತ್ತಾಳೆ. ಅಜ್ಜಿಗೂ ಹೊಸ ಮುಖ ಬೇಕಿತ್ತೆಂದು ಕಾಣುತ್ತದೆ, ತೊದಲುತ್ತಲೇ ತವರಿನ ಸುದ್ದಿ ತೆಗೆಯುತ್ತಾರೆ. ಈ ತಿಂಗಳಿಂದ ಎದುರುಮನೆಯವರೂ ಸೇರಿಕೊಂಡಿದ್ದಾರೆ. ಹಾಗಾಗಿ ಬುಧವಾರವೂ ಆಕೆಗೆ ಬಿಡುವು.