ಮಾಮು ಬಿಟ್ಟ ಮಾತ್ರೆಗಳು

ನಾವು ಓದಿದ ಉರ್ದು ಶಾಲೆಯಲ್ಲಿ ಜೀವವಿಕಾಸಕ್ಕೆ ‘ಇರ್ತಿಕಾ’ ಎನ್ನುತ್ತಿದ್ದರು. ಮೇಲೇರುವುದು ಎಂದು ಅದರ ಅರ್ಥ. ಮುಂದೆ ಕನ್ನಡ ಶಾಲೆಗೆ ಬಂದಾಗ ಅದೇ ಪಾಠ ‘ವಿಕಾಸ’ವಾಯಿತು, ಅಂದರೆ ಅರಳುವುದು. ಎರಡೂ ಚೆಂದದ ಮಾತುಗಳೇ. ಆದರೆ ಎರಡೂ ನಮ್ಮ ದಾರಿ ತಪ್ಪಿಸಿದವು. ಕೋತಿಯೊಂದು ಏಣಿ ಹತ್ತುತ್ತಾ ಹತ್ತುತ್ತಾ ಮನುಷ್ಯನಾಯಿತು ಎಂದೇ ನಾವು ತಿಳಿದೆವು. ಮನೆಗೆ ಬಂದು ಹೇಳಿದಾಗ ನಮ್ಮ ನಾನಿ, “ನಿಮ್ಮ ಮಾಸ್ತರರ ದಾದಾ ಕೋತಿ ಇದ್ದರೂ ಇದ್ದಾರು, ನಮ್ಮ ದಾದಾ ಬಾಬಾ ಆದಮ್” ಎಂದು ನಕ್ಕರು. ನಾವೂ ನಕ್ಕೆವು. ಪರೀಕ್ಷೆಯಲ್ಲಿ ಡಾರ್ವಿನ್ ಬಗ್ಗೆ ಬರೆದು ಅಂಕ ಪಡೆದೆವು, ಆಮೇಲೆ ಮರೆತೆವು.

ಆ ಪಾಠ ನಮಗೆ ನಿಜಕ್ಕೂ ಅರ್ಥವಾದದ್ದು ನಮ್ಮ ಮಾಮು ಹಾಸಿಗೆ ಹಿಡಿದಾಗ. ದರ್ಜಿ ಕೆಲಸದ ಅವರಿಗೆ ಕ್ಷಯ ತಗುಲಿತ್ತು. ಆರು ತಿಂಗಳು ಹಲವು ಮಾತ್ರೆಗಳನ್ನು ಒಟ್ಟಿಗೆ ನುಂಗಬೇಕಿತ್ತು. ಹೊಟ್ಟೆ ತೊಳಸುವಂತೆ ಮಾಡುವ ಮಾತ್ರೆಗಳನ್ನು ಪಕ್ಕಕ್ಕಿಟ್ಟು, ಒಗ್ಗಿದ್ದನ್ನಷ್ಟೇ ತೆಗೆದುಕೊಂಡರು. ಕೆಮ್ಮು ನಿಂತಿತು. “ಗುಣವಾದ ಮೇಲೆ ಔಷಧಿ ಯಾಕೆ?” ಎಂದು ಅದನ್ನೂ ಬಿಟ್ಟರು. ನಾವೂ ಹೂಂ ಎಂದೆವು. ವರ್ಷದೊಳಗೆ ಕೆಮ್ಮು ಮರಳಿತು, ಹಳೆಯ ಮಾತ್ರೆಗಳು ನಾಟಲಿಲ್ಲ.

ವೈದ್ಯರೊಬ್ಬರು ಬಿಡಿಸಿ ಹೇಳಿದರು. ಎದೆಗೂಡಿನಲ್ಲಿರುವ ಕೋಟ್ಯಂತರ ರೋಗಾಣುಗಳು ಒಂದೇ ತೆರನಾಗಿರುವುದಿಲ್ಲ. ಒಂದು ಎರಡಾಗುವಾಗ ಅವುಗಳ ಒಳಬರಹದಲ್ಲಿ ಸಣ್ಣ ತಪ್ಪುಗಳಾಗುತ್ತವೆ. ಹಾಗಾಗಿ ಕೋಟಿಗಳಲ್ಲಿ ಎಲ್ಲೋ ಒಂದಕ್ಕೆ ಒಂದು ಔಷಧಿ ತಾಗುವುದೇ ಇಲ್ಲ. ಆ ಔಷಧಿಯೊಂದನ್ನೇ ಕೊಟ್ಟರೆ ಉಳಿದವು ಸಾಯುತ್ತವೆ, ಅದೊಂದು ಉಳಿದು ಅದರ ಸಂತತಿಯೇ ತುಂಬಿಕೊಳ್ಳುತ್ತದೆ. ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟು ನೋಡಿದ ಬ್ರಿಟನ್ನಿನ ವೈದ್ಯರಿಗೆ ಇದು 1948ರ ಹೊತ್ತಿಗೇ ಗೊತ್ತಾಗಿತ್ತು. ಎಲ್ಲ ಔಷಧಿಗಳಿಂದಲೂ ಒಟ್ಟಿಗೆ ತಪ್ಪಿಸಿಕೊಳ್ಳುವ ರೋಗಾಣು ಹುಟ್ಟುವುದು ಅಪರೂಪದಲ್ಲಿ ಅಪರೂಪ. ಅದಕ್ಕೇ ಹಲವು ಮಾತ್ರೆಗಳು.

1859ರಲ್ಲಿ ಡಾರ್ವಿನ್ ಮುಂದಿಟ್ಟ ನಿಸರ್ಗದ ಆಯ್ಕೆ ಎಂದರೆ ಇದೇ. ರೋಗಾಣು ಬುದ್ಧಿ ಕಲಿಯಲಿಲ್ಲ, ಏಣಿಯನ್ನೂ ಹತ್ತಲಿಲ್ಲ. ಆ ಹೊತ್ತಿಗೆ ಹೊಂದಿದ್ದು ಉಳಿಯಿತು. ಮನುಷ್ಯನ ಕತೆಯಲ್ಲೂ ಏಣಿಯಿಲ್ಲ, ಇರುವುದು ಕವಲೊಡೆದ ಮರ. ಚಿಂಪಾಂಜಿ ನಮ್ಮ ಅಜ್ಜನಲ್ಲ, ದಾಯಾದಿ. ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಎರಡೂ ಕವಲುಗಳು ಬೇರೆಯಾದವು.

ಕೋತಿ ಮನುಷ್ಯನಾದದ್ದನ್ನು ಕಂಡವರಿಲ್ಲ ಎಂದು 2018ರಲ್ಲಿ ಕೇಂದ್ರದ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಹೇಳಿದಾಗ ನಮಗೆ ನಾನಿ ನೆನಪಾದರು. ಅದಕ್ಕೂ ಮುಂಚೆ, 2017ರಲ್ಲಿ, ಟರ್ಕಿ ಸರ್ಕಾರ ಈ ಪಾಠವನ್ನು ಪ್ರೌಢಶಾಲೆಯಿಂದ ತೆಗೆಯುವ ತೀರ್ಮಾನ ಮಾಡಿತ್ತು. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ಪುಸ್ತಕದಿಂದಲೂ ಅದು ಹೋಯಿತು. ಅಲ್ಲಿ ಮಕ್ಕಳಿಗೆ ಅರ್ಥವಾಗದು ಎಂಬ ನೆಪ, ಇಲ್ಲಿ ಮಕ್ಕಳ ಹೊರೆ ಇಳಿಸುವ ನೆಪ. ಹನ್ನೆರಡನೇ ತರಗತಿಯಲ್ಲಿ ಉಳಿಸಿದ್ದೇವೆ ಎಂದರು. ಹತ್ತಕ್ಕೇ ಓದು ಬಿಡುವ ನಮ್ಮ ಹುಡುಗಿಯರ ಗತಿ?

ನಮ್ಮವರಲ್ಲಿ ಇನ್ನೊಂದು ಚಟವಿದೆ. ಒಂಬತ್ತನೇ ಶತಮಾನದ ಬಸ್ರಾದ ಅಲ್ ಜಾಹಿಜ್, ಹದಿನಾಲ್ಕನೇ ಶತಮಾನದ ಇಬ್ನ್ ಖಲ್ದೂನ್ ಇದನ್ನೆಲ್ಲ ಆಗಲೇ ಹೇಳಿದ್ದರು ಎಂದು ಎದೆ ತಟ್ಟಿಕೊಳ್ಳುತ್ತೇವೆ, ಅದೇ ಉಸಿರಿನಲ್ಲಿ ಡಾರ್ವಿನ್ ಸುಳ್ಳು ಎನ್ನುತ್ತೇವೆ. ಆ ಹಿರಿಯರು ಡಾರ್ವಿನ್ ಹೇಳಿದ್ದನ್ನು ಹೇಳಿರಲಿಲ್ಲ. ಆದರೆ ಜೀವಲೋಕವನ್ನು ಕಣ್ಣುಬಿಟ್ಟು ನೋಡಿದ್ದರು. ನಾವು ವಾರಸುದಾರರಾಗಬೇಕಾದದ್ದು ಆ ನೋಟಕ್ಕೆ.

ಹಾಗಾದರೆ ಈಮಾನಿನ ಗತಿಯೇನು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಣ್ಣದಲ್ಲ, ನಮ್ಮ ವಿದ್ವಾಂಸರಲ್ಲೇ ಒಮ್ಮತವಿಲ್ಲ. ಆದರೆ ಒಪ್ಪುವುದಕ್ಕಾಗಲಿ, ವಾದಿಸುವುದಕ್ಕಾಗಲಿ ಮೊದಲು ಪಾಠ ಗೊತ್ತಿರಬೇಕಲ್ಲ? ಗೊತ್ತಿಲ್ಲದೆ ನಕ್ಕದ್ದರ ಬೆಲೆ ನಮ್ಮ ಮನೆ ತೆತ್ತಿದೆ.

ಮಾಮು ಬದುಕಿದರು. ಹೆಚ್ಚುಕಡಿಮೆ ಎರಡು ವರ್ಷದ ಚಿಕಿತ್ಸೆ. ಅದರಲ್ಲಿನ ಇಂಜೆಕ್ಷನ್ನುಗಳಿಂದ ಕಿವಿ ಹೋಯಿತು. ಈಗ ಅಜಾನ್ ಕೇಳಿಸದು, ಗಡಿಯಾರ ನೋಡಿ ನಮಾಜಿಗೆ ಹೊರಡುತ್ತಾರೆ. ಅವರ ಮೊಮ್ಮಗಳು ಆ ಪಾಠವಿಲ್ಲದ ಪುಸ್ತಕ ಓದಿಯೇ ಹತ್ತನೇ ತರಗತಿ ಮುಗಿಸಿದಳು. ಅವಳನ್ನು ಕೂರಿಸಿಕೊಂಡು ನಾವು ಅಜ್ಜನ ಮಾತ್ರೆಗಳ ಕತೆ ಹೇಳಿದೆವು. ಅವಳು ನಗಲಿಲ್ಲ.