ಪ್ರಶ್ನೆಯ ಮರ್ಯಾದೆ

ಉತ್ತರಕ್ಕೆ ಲೋಕದಲ್ಲಿ ಸಲ್ಲುವ ಗೌರವವು ಪ್ರಶ್ನೆಗೆ ಸಲ್ಲುವುದಿಲ್ಲ. ಪರೀಕ್ಷೆಯಲ್ಲಿ ಗುಣಗಳು ದೊರೆಯತಕ್ಕದ್ದು ಉತ್ತರ ಬರೆದವನಿಗೆ. ತರಗತಿಯಲ್ಲಿ ಒಳ್ಳೆಯ ಪ್ರಶ್ನೆಯೊಂದನ್ನು ಕೇಳಿದ ಹುಡುಗನಿಗೆ ದೊರೆಯುವುದು ಬಹುಮಟ್ಟಿಗೆ "ಕೂತುಕೊ" ಎಂಬ ಅಪ್ಪಣೆ. ಸಭೆಯಲ್ಲಿ ಉಪನ್ಯಾಸಕರಿಗೆ ಹೂವಿನ ಹಾರ ಬೀಳುತ್ತದೆ; ಕೊನೆಯಲ್ಲಿ ಎದ್ದು ನಿಂತು ಸಂದೇಹವನ್ನು ಕೇಳಿದವನಿಗೆ ಅಧ್ಯಕ್ಷರು ಗಡಿಯಾರವನ್ನು ತೋರಿಸುತ್ತಾರೆ. ಆದರೂ ಸಂಸಾರಗಳು ಕೂಡುವುದೂ ಒಡೆಯುವುದೂ, ಕಾರ್ಯಗಳು ಸಾಗುವುದೂ ಕೆಡುವುದೂ ಅನೇಕ ವೇಳೆ ಯಾರೋ ಒಬ್ಬರು ಕೇಳಿದ, ಅಥವಾ ಕೇಳದೆ ಬಿಟ್ಟ, ಒಂದು ಪ್ರಶ್ನೆಯಿಂದ ಎಂಬುದನ್ನು ವಿಚಾರವಂತರು ಬಲ್ಲರು.

ಯಲಹಂಕದ ಆಚೆ ಒಂದು ಹಳ್ಳಿಯಲ್ಲಿ ಇಬ್ಬರು ಅಣ್ಣತಮ್ಮಂದಿರು. ಅವರ ತಂದೆ ಬಿಟ್ಟುಹೋದದ್ದು ಮೂರು ಎಕರೆ ರಾಗಿಯ ಹೊಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದ ಮೇಲೆ ಆ ಸೀಮೆಯ ನೆಲಕ್ಕೆ ಬಂದ ಬೆಲೆಯು ಅದರಲ್ಲಿ ಬೆಳೆದ ಯಾವ ಬೆಳೆಗೂ ಎಂದೂ ಬಂದುದಲ್ಲ. ದಳ್ಳಾಳಿಗಳು ಮನೆಯ ಜಗಲಿಗೆ ಬಂದು ಕುಳಿತರು. ತಮ್ಮನು ಮಾರೋಣವೆಂದನು, ಅಣ್ಣನು ಕೂಡದೆಂದನು. ಅಲ್ಲಿಂದ ಮುಂದೆ ಅವರಿಬ್ಬರ ನಡುವೆ ನಡೆದ ಮಾತೆಲ್ಲವೂ ಪ್ರಶ್ನೆಗಳ ರೂಪದಲ್ಲಿಯೇ ಇದ್ದುವು.

"ಅಪ್ಪ ಬೆವರು ಸುರಿಸಿ ಉಳಿಸಿದ ಭೂಮೀನ ಮಾರ್ಕೊಂಡು ತಿನ್ನಬೇಕೇನೋ ನಿನಗೆ?"

"ರಾಗಿ ಬಿತ್ತಿ ಈ ಕಾಲದಲ್ಲಿ ಯಾರು ಉದ್ಧಾರ ಆಗವ್ರೆ, ಹೇಳಣ್ಣ?"

"ನಿನಗೆ ನಾಚಿಕೆ ಅನ್ನೋದು ಐತೇನೋ?"

"ನಿನಗೆ ಲೋಕ ಅನ್ನೋದು ಗೊತ್ತೈತೇನಣ್ಣ?"

ವ್ಯಾಕರಣದ ದೃಷ್ಟಿಯಿಂದ ಇವು ನಾಲ್ಕೂ ಪ್ರಶ್ನೆಗಳೇ. ಆದರೆ ಕೇಳಿದವನು ಉತ್ತರವನ್ನು ಬಯಸಲಿಲ್ಲ. ಕೇಳಿಸಿಕೊಂಡವನು ಉತ್ತರವನ್ನು ಕೊಡಲಿಲ್ಲ. ಎರಡು ವರ್ಷ ಮಾತು ನಿಂತಿತು. ಒಂದೇ ಅಂಗಳದ ನಡುವೆ ಒಂದಾಳೆತ್ತರದ ಗೋಡೆ ಎದ್ದಿತು. ಮನೆಯ ಮಕ್ಕಳು "ನಿಮ್ಮಪ್ಪಂಗೆ ಹೇಳು", "ನಿಮ್ಮ ದೊಡ್ಡಪ್ಪಂಗೆ ಹೇಳು" ಎಂಬ ಸಂದೇಶಗಳನ್ನು ಹೊತ್ತು ಗೋಡೆಯ ಸುತ್ತ ತಿರುಗುವ ದೂತರಾದರು.

ಪ್ರಾಚೀನರು ಈ ಸ್ಥಿತಿಯನ್ನು ಅರಿಯದವರಲ್ಲ. ಗೌತಮನ ನ್ಯಾಯಸೂತ್ರಗಳಲ್ಲಿ ಇಬ್ಬರ ನಡುವಣ ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿದೆ: ವಾದ, ಜಲ್ಪ, ವಿತಂಡಾ. ತತ್ತ್ವವನ್ನು ತಿಳಿಯಬೇಕೆಂದು ನಡೆಸುವುದು ವಾದ. ಗೆಲ್ಲಬೇಕೆಂದು ನಡೆಸುವುದು ಜಲ್ಪ. ತನ್ನದೆಂಬ ಪಕ್ಷವನ್ನು ಯಾವುದನ್ನೂ ನಿಲ್ಲಿಸದೆ ಎದುರಿನವನ ಪಕ್ಷವನ್ನು ಕೆಡಹುವುದೇ ಗುರಿಯಾದುದು ವಿತಂಡಾ. ಗಮನಿಸತಕ್ಕ ಅಂಶವೇನೆಂದರೆ, ಮೂರರಲ್ಲಿಯೂ ಆಡುವ ಮಾತುಗಳು ಒಂದೇ ಇರಬಹುದು. "ಏಕೆ ತಡವಾಯಿತು?" ಎಂಬ ಎರಡು ಪದಗಳನ್ನು ತೆಗೆದುಕೊಳ್ಳಿರಿ. ಮಳೆಯಲ್ಲಿ ನೆನೆದು ಬಂದ ಮಗಳಿಗೆ ಟವಲನ್ನು ಕೊಡುತ್ತ ತಾಯಿ ಇದನ್ನು ಕೇಳಿದರೆ ಅದು ವಾದ. ಬಾಗಿಲಲ್ಲಿ ನಿಂತು ಗಡಿಯಾರವನ್ನು ನೋಡುತ್ತ ತಂದೆ ಕೇಳಿದರೆ ಅದು ಜಲ್ಪ. ಅವಳು ಹೇಳುವ ಕಾರಣವನ್ನೆಲ್ಲ ಒಂದೊಂದಾಗಿ ಸುಳ್ಳೆಂದು ಸಾಧಿಸುವ ಅಣ್ಣ ಕೇಳಿದರೆ ಅದು ವಿತಂಡಾ. ಮಗಳು ನಿಜವನ್ನು ಹೇಳುವುದು ಮೊದಲನೆಯವರಿಗೆ ಮಾತ್ರ. ಉಳಿದವರಿಗೆ ಒಪ್ಪುವಂಥದೊಂದು ಕಾರಣವನ್ನು ಕಲ್ಪಿಸಿ ಹೇಳುತ್ತಾಳೆ. ಹಾಗಾದರೆ ಅವಳು ಸುಳ್ಳು ಹೇಳುವುದನ್ನು ಕಲಿತದ್ದು ಯಾರಿಂದ?

ಮೀಮಾಂಸಕರದು ಇನ್ನೊಂದು ಮರ್ಯಾದೆ. ಅವರ ಅಧಿಕರಣದಲ್ಲಿ ಮೊದಲು ವಿಷಯ, ಅನಂತರ ಸಂಶಯ, ಅನಂತರ ಪೂರ್ವಪಕ್ಷ. ಇವೆಲ್ಲ ಆದಮೇಲೆ ಸಿದ್ಧಾಂತ. ಸಂಶಯವಿಲ್ಲದೆಡೆ ವಿಚಾರಕ್ಕೆ ಅವಕಾಶವೇ ಇಲ್ಲ. ಎದುರಾಳಿಯ ಮತವನ್ನು ಅವನೇ ತಲೆದೂಗುವಷ್ಟು ಚೆನ್ನಾಗಿ ಎತ್ತಿ ಹೇಳಿದ ಹೊರತು ತನ್ನ ಮತವನ್ನು ಹೇಳುವ ಅಧಿಕಾರ ಬಾರದು. ಆ ಅಣ್ಣತಮ್ಮಂದಿರ ಪೈಕಿ ಇಬ್ಬರಿಗೂ ಸಿದ್ಧಾಂತವಿತ್ತು. ಸಂಶಯವು ಒಬ್ಬನಿಗೂ ಇರಲಿಲ್ಲ. ಎದುರಿನವನ ಪೂರ್ವಪಕ್ಷವೇನೆಂಬುದು ಇಬ್ಬರಿಗೂ ತಿಳಿದಿರಲಿಲ್ಲ.

ಪ್ರಶ್ನೆಯ ಹೆಸರನ್ನೇ ಹೊತ್ತ ಉಪನಿಷತ್ತೊಂದುಂಟು. ಆರು ಮಂದಿ ಜಿಜ್ಞಾಸುಗಳು ಸಮಿತ್ತುಗಳನ್ನು ಕೈಯಲ್ಲಿ ಹಿಡಿದು ಪಿಪ್ಪಲಾದ ಋಷಿಯ ಬಳಿಗೆ ಹೋಗುತ್ತಾರೆ. ಆತನು ಒಡನೆಯೇ ಉಪದೇಶಕ್ಕೆ ತೊಡಗುವುದಿಲ್ಲ. ಒಂದು ವರ್ಷ ನಿಯಮದಿಂದ ಇಲ್ಲಿ ಇದ್ದುಕೊಂಡು ಆಮೇಲೆ ಕೇಳಿರಿ, ತಿಳಿದಿದ್ದರೆ ಹೇಳುತ್ತೇನೆ ಎಂಬ ಅರ್ಥದ ಮಾತನ್ನು ಆಡುತ್ತಾನೆ. ಕೇಳುವವನಿಗೆ ಒಂದು ವರ್ಷದ ಕಾಯುವಿಕೆ. ಹೇಳುವವನಿಗೆ "ತಿಳಿದಿದ್ದರೆ" ಎಂಬ ವಿನಯ. ಆ ಆರು ಮಂದಿಯಲ್ಲಿ ಕೊನೆಯವನಾದ ಸುಕೇಶನ ಕಥೆ ಮತ್ತೂ ಮನೋಹರವಾದುದು. ಹಿಂದೆ ಕೋಸಲದ ರಾಜಪುತ್ರನೊಬ್ಬನು ಬಂದು ಅವನನ್ನು ಒಂದು ಪ್ರಶ್ನೆ ಕೇಳಿದ್ದನು. ಸುಕೇಶನು ತನಗೆ ತಿಳಿಯದೆಂದೂ, ತಿಳಿದಿದ್ದರೆ ಹೇಳದೆ ಇರುತ್ತಿರಲಿಲ್ಲವೆಂದೂ ಒಪ್ಪಿಕೊಂಡನು. ರಾಜಪುತ್ರನು ಮಾತಾಡದೆ ರಥವನ್ನೇರಿ ಹೊರಟುಹೋದನು. ರಥವು ಹೋಯಿತು, ಪ್ರಶ್ನೆಯು ಉಳಿಯಿತು. ಅದನ್ನೇ ಹೊತ್ತುಕೊಂಡು ಸುಕೇಶನು ಪಿಪ್ಪಲಾದನ ಬಳಿಗೆ ಬಂದನು. ತಿಳಿಯದೆಂಬ ಒಂದು ಮಾತನ್ನು ನಾಲಗೆಯು ಆಡಬಲ್ಲುದಾದರೆ, ಪರರ ಪ್ರಶ್ನೆಯೂ ತನ್ನ ಪ್ರಶ್ನೆಯಾಗುತ್ತದೆ.

ಇದು ಋಷ್ಯಾಶ್ರಮಗಳ ಮಾತಾಯಿತೆಂದು ಯಾರೂ ಬದಿಗಿಡಬೇಕಾಗಿಲ್ಲ. ಯಲಹಂಕದಿಂದ ನಗರಕ್ಕೆ ಬರುವ ಬಳ್ಳಾರಿ ರಸ್ತೆಯಲ್ಲಿಯೇ ಇದಕ್ಕೆ ಎರಡು ನಿದರ್ಶನಗಳು ದೊರೆಯುತ್ತವೆ.

ಮೊದಲನೆಯದು ಹೆಬ್ಬಾಳ. 1899ರಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ವಾಣಿವಿಲಾಸ ಸನ್ನಿಧಾನದವರು ಮೈಸೂರು ಸಂಸ್ಥಾನದ ರೀಜೆಂಟರಾಗಿದ್ದ ಕಾಲದಲ್ಲಿ, ಬೆಳೆಗಳ ಸಂಶೋಧನೆಗೆಂದು, ಅದರಲ್ಲಿಯೂ ರಾಗಿಗೆಂದು, 30 ಎಕರೆ ಭೂಮಿಯನ್ನು ಇತ್ತರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆಯು ಪ್ರಾರಂಭವಾಯಿತು. ಆ ಕಾಲದಲ್ಲಿ ಸಂಸ್ಥಾನದ ವ್ಯವಸಾಯ ಇಲಾಖೆಯನ್ನು ಕಟ್ಟಿ ನಿಲ್ಲಿಸಿದವರು ಕೆನಡಾ ದೇಶದಿಂದ 1908ರಲ್ಲಿ ಬಂದ ಲೆಸ್ಲಿ ಕೋಲ್ಮನ್ ಎಂಬ ವಿದ್ವಾಂಸರು. ಮಲೆನಾಡಿನ ಅಡಕೆಯ ತೋಟಗಳಿಗೆ ಆಗ ಕೊಳೆರೋಗವು ಮಾರಿಯಾಗಿತ್ತು. ಮಳೆಗಾಲದಲ್ಲಿ ಎಳೆಯ ಕಾಯಿಗಳು ಕೊಳೆತು ಉದುರುತ್ತಿದ್ದುವು. ಕೊಳೆತ ಗೊನೆಯನ್ನು ನೋಡಿದವನಿಗೆ ಮೊದಲು ತೋರುವ ಪ್ರಶ್ನೆ, ಇದನ್ನು ವಾಸಿಮಾಡುವುದು ಹೇಗೆ ಎಂಬುದು. ಈ ಪ್ರಶ್ನೆಗೆ ಉತ್ತರವಿಲ್ಲ. ಕೊಳೆತ ಕಾಯಿ ಮತ್ತೆ ಹಸುರಾಗದು. ರೋಗವು ಯಾವಾಗ ಹತ್ತುತ್ತದೆ, ಅದು ಹತ್ತುವ ಮೊದಲು ಮಾಡತಕ್ಕದ್ದೇನು ಎಂದು ಪ್ರಶ್ನೆಯನ್ನು ತಿರುಗಿಸಿಕೊಂಡರೆ ದಾರಿ ಕಾಣುತ್ತದೆ. ಮಲೆನಾಡಿನ ತೋಟಿಗರು ಮಳೆಗೆ ಮುಂಚೆ ಗೊನೆಗಳಿಗೆ ಕೊಟ್ಟೆ ಕಟ್ಟುವ ಪದ್ಧತಿಯಲ್ಲಿ ಅರ್ಧ ಉತ್ತರವು ಆಗಲೇ ಇದ್ದಿತು. ಉಳಿದ ಅರ್ಧವನ್ನು ಕೋಲ್ಮನ್ನರ ಪರಿಶೋಧನೆಗಳು ಕೊಟ್ಟುವು. ಫ್ರಾನ್ಸಿನ ದ್ರಾಕ್ಷಿಯ ತೋಟಗಳಲ್ಲಿ ಬಳಕೆಗೆ ಬಂದಿದ್ದ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ರೋಗವು ಹತ್ತುವ ಮೊದಲೇ ಗೊನೆಗಳಿಗೆ ಸಿಂಪಡಿಸುವ ಕ್ರಮವು ನೆಲೆಗೊಂಡಿತು. ಮಲೆನಾಡಿನಲ್ಲಿ ಇಂದಿಗೂ ಅದು ನಿಂತಿಲ್ಲ. ರಾಜಕಾರ್ಯವಾಗಲಿ ಗೃಹಕೃತ್ಯವಾಗಲಿ, ಉಪಾಯವೆಂಬುದು ಹುಟ್ಟುವುದು ಪ್ರಶ್ನೆಯು ಸರಿಯಾದ ಸ್ಥಳದಲ್ಲಿ ನಿಂತಾಗ.

ಹೆಬ್ಬಾಳವನ್ನು ದಾಟಿ ಮೇಖ್ರಿ ವೃತ್ತದ ಕಡೆಗೆ ಬಂದರೆ ರಾಮನ್ ಸಂಶೋಧನ ಸಂಸ್ಥೆ ದೊರೆಯುತ್ತದೆ. 1948ರಲ್ಲಿ ಇದನ್ನು ಸ್ಥಾಪಿಸಿದ ಚಂದ್ರಶೇಖರ ವೆಂಕಟರಾಮನ್ನರು 1970ರ ನವೆಂಬರಿನಲ್ಲಿ ತೀರಿಕೊಂಡರು; ಅವರ ದೇಹಕ್ಕೆ ಈ ತೋಟದಲ್ಲಿಯೇ ಸಂಸ್ಕಾರವಾಯಿತು. ಅವರ ಜೀವನದ ದೊಡ್ಡ ಪ್ರಶ್ನೆ ಮಗುವೂ ಕೇಳಬಹುದಾದಂಥದು: ಸಮುದ್ರವು ನೀಲಿಯಾಗಿರುವುದೇಕೆ? 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಹಿಂದಿರುಗುವಾಗ ಮೆಡಿಟರೇನಿಯನ್ ಸಮುದ್ರದ ಗಾಢವಾದ ನೀಲವನ್ನು ಅವರು ಕಂಡರು. ಅದು ಆಕಾಶದ ನೀಲಿಯ ಪ್ರತಿಬಿಂಬವಷ್ಟೇ ಎಂಬುದು ಮಹಾವಿಜ್ಞಾನಿ ರೇಲಿಯವರ ಅಭಿಪ್ರಾಯವಾಗಿತ್ತು. ರಾಮನ್ನರು ರೇಲಿಯವರನ್ನು ಜರೆಯಲೂ ಇಲ್ಲ, ಅವರ ಮಾತೆಂದು ನಂಬಿಬಿಡಲೂ ಇಲ್ಲ. ಪ್ರತಿಬಿಂಬವನ್ನು ತೆಗೆದುಬಿಟ್ಟರೆ ನೀಲಿ ಉಳಿಯುವುದೋ ಹೋಗುವುದೋ ಎಂದು ಸಮುದ್ರವನ್ನೇ ಕೇಳಿದರು. ನಿಕಲ್ ಪಟ್ಟಕವೆಂಬ ಪುಟ್ಟ ಸಾಧನವನ್ನು ಕಣ್ಣಿಗೆ ಹಿಡಿದು, ನೀರಿನ ಮೇಲಿಂದ ಪ್ರತಿಫಲಿಸುವ ಬೆಳಕನ್ನು ತಡೆದು ನೋಡಿದರು. ನೀಲಿಯು ಹೋಗಲಿಲ್ಲ, ಮತ್ತಷ್ಟು ಹೊಳೆಯಿತು. ಬಣ್ಣವು ನೀರಿನ ಅಣುಗಳು ಬೆಳಕನ್ನು ಚದರಿಸುವುದರಿಂದ ಬಂದುದೆಂದು ಅವರು ನಿರ್ಣಯಿಸಿದರು. ಆ ಪ್ರಶ್ನೆಯ ಬೆನ್ನು ಹಿಡಿದು ನಡೆದ ಕೆಲಸವು 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಫಲಿಸಿತು. 1930ರಲ್ಲಿ ನೊಬೆಲ್ ಬಹುಮಾನವು ಬಂದಿತು. "ಹೌದು" ಎಂಬ ಉತ್ತರಕ್ಕೂ "ಅಲ್ಲ" ಎಂಬ ಉತ್ತರಕ್ಕೂ ಸಮನಾಗಿ ಬಾಗಿಲನ್ನು ತೆರೆದಿಟ್ಟು ಕೇಳಿದುದೇ ಆ ಪ್ರಶ್ನೆಯ ಹಿರಿಮೆ.

ಇನ್ನು ಆ ಅಣ್ಣತಮ್ಮಂದಿರ ವಿಷಯ. ಅವರಿಗೆ ಒಬ್ಬಳು ಅಕ್ಕ. ದೊಡ್ಡಬಳ್ಳಾಪುರಕ್ಕೆ ಕೊಟ್ಟಿದ್ದ ಹೆಣ್ಣುಮಗಳು, ಗಂಡನು ತೀರಿಕೊಂಡಿದ್ದನು, ಶಾಲೆಯಲ್ಲಿ ನಾಲ್ಕನೆಯ ತರಗತಿಗಿಂತ ಮುಂದೆ ಓದಿದವಳಲ್ಲ. ನ್ಯಾಯಸೂತ್ರದ ಹೆಸರನ್ನೂ ರಾಮನ್ನರ ಹೆಸರನ್ನೂ ಆಕೆ ಕೇಳಿರಲಾರಳು. ಪಿತೃಪಕ್ಷದಲ್ಲಿ ತವರಿಗೆ ಬಂದಾಗ, ಗೋಡೆಯ ಈಚೆ ಒಂದು, ಆಚೆ ಒಂದು, ಒಂದೇ ತಂದೆತಾಯಿಗಳಿಗೆ ಎರಡು ಎಡೆಗಳು ಸಿದ್ಧವಾಗುತ್ತಿದ್ದುದನ್ನು ಕಂಡಳು. ಆಗ ಏನನ್ನೂ ಹೇಳಲಿಲ್ಲ. ಎರಡು ಕಡೆಯಲ್ಲಿಯೂ ಉಂಡಳು.

ಸಂಜೆ ಹಿರಿಯ ತಮ್ಮನ ಜೊತೆಗೆ ಹೊಲಕ್ಕೆ ಹೋಗಿ, ತಂದೆತಾಯಿಗಳ ಸಮಾಧಿಯ ಪಕ್ಕದ ಬದುವಿನ ಮೇಲೆ ಕುಳಿತು ಕೇಳಿದಳು: "ಹೊಲ ಹೋದರೆ ನಿನಗೆ ಏನು ಹೋದಂಗೆ ಆಗ್ತದಪ್ಪ?" ಆತನು ಬಹಳ ಹೊತ್ತು ಸುಮ್ಮನಿದ್ದನು. ಆಕೆಯೂ ಸುಮ್ಮನಿದ್ದಳು. ಕೊನೆಗೆ ಅವನ ಬಾಯಿಂದ ಬಂದ ಮಾತಿನಲ್ಲಿ ಬೆಲೆಯೂ ಇರಲಿಲ್ಲ, ಕುಲದ ಮಾನವೂ ಇರಲಿಲ್ಲ. "ಬೆಳಗ್ಗೆ ಎದ್ದರೆ ನಾನು ಎಲ್ಲಿಗೆ ಹೋಗಲಕ್ಕ?" ಎಂದನು.

ಮರುದಿನ ಕಿರಿಯವನನ್ನು ಕೇಳಿದಳು: "ಹೊಲ ಉಳಿದರೆ ನಿನಗೆ ಏನು ಕಷ್ಟ ಮಗಾ?" ಅವನು ಮೊದಲು ಲೋಕದ ನ್ಯಾಯವನ್ನು ಹೇಳಿದನು, ಬಡ್ಡಿಯ ಲೆಕ್ಕವನ್ನು ಹೇಳಿದನು. ಆಕೆ ಕೇಳುತ್ತಲೇ ಇದ್ದಳು. ಆಮೇಲೆ ನಿಜವು ಹೊರಬಿದ್ದಿತು. ಹೆಂಡತಿಯ ಶಸ್ತ್ರಚಿಕಿತ್ಸೆಗೆಂದು ಮೂರು ವರ್ಷದ ಹಿಂದೆ ಕೈಸಾಲ ಮಾಡಿದ್ದನು, ಸಾಲವು ಬೆಳೆದಿತ್ತು, ಯಾರಿಗೂ ಹೇಳಿರಲಿಲ್ಲ. "ಅಣ್ಣಂಗೆ ಯಾಕೆ ಹೇಳಲಿಲ್ಲ?" ಎಂದಳು. "ಒಂದು ದಿವಸನಾದರೂ ಕೇಳಿದನೇನಕ್ಕ?" ಎಂದು ಅವನು ಅತ್ತನು.

ಆಕೆ ತೀರ್ಪನ್ನು ಕೊಡಲಿಲ್ಲ. ಇವನು ಹೇಳಿದ್ದನ್ನು ಅವನಿಗೆ, ಅವನು ಹೇಳಿದ್ದನ್ನು ಇವನಿಗೆ, ಅವರವರ ಒಪ್ಪಿಗೆಯನ್ನು ಪಡೆದು ತಿಳಿಸಿ, ದೊಡ್ಡಬಳ್ಳಾಪುರದ ಬಸ್ಸನ್ನು ಹತ್ತಿದಳು. ಅವಳು ತನಗೆ ತಿಳಿಯದುದನ್ನು ಮಾತ್ರ ಕೇಳಿದಳು. ನಾಲ್ವರ ಮುಂದೆ ಕೇಳದೆ ಏಕಾಂತದಲ್ಲಿ ಕೇಳಿದಳು. ಕೇಳಿದ ಮೇಲೆ ಕಾದಳು. ಶಾಸ್ತ್ರವು ವಾದಕ್ಕೆ ಹೇಳಿದ ಲಕ್ಷಣವು ಇದಕ್ಕಿಂತ ಬೇರೆಯಲ್ಲ.

ಮೂರು ಎಕರೆಗಳಲ್ಲಿ ರಸ್ತೆಯ ಮಗ್ಗುಲಿನ ಒಂದು ಎಕರೆಯನ್ನು ಮಾರಿದರು; ಸಾಲವು ತೀರಿತು. ಸಮಾಧಿಯಿರುವ ಎರಡು ಎಕರೆ ಉಳಿಯಿತು. ಎಲ್ಲವೂ ಸರಿಹೋಯಿತೆಂದು ಹೇಳಲಾಗದು. ಆಡಿದ ಮಾತುಗಳು ಆಡಿದವೇ. ಗೋಡೆಯು ಈಗಲೂ ಅಲ್ಲಿಯೇ ಇದೆ, ಅದರಲ್ಲೊಂದು ಬಾಗಿಲನ್ನು ಇಟ್ಟಿದ್ದಾರೆ, ಅಷ್ಟೆ. ಎರಡು ವರ್ಷ ವ್ಯರ್ಥವಾಗಿ ಹೋದುವಲ್ಲಾ ಎಂಬ ಸಂಕಟವು ಅಣ್ಣನನ್ನು ಬಿಟ್ಟಿಲ್ಲ. ತಮ್ಮನ ಹೆಂಡತಿಯು ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ, ಕೈ ಬಿಗಿಯಾಗಿದೆಯೇನೋ ಎಂದು ಒಂದು ಮಾತು ಕೇಳಿದ್ದರೆ ಸಾಕಾಗಿತ್ತೆಂಬುದು ಅವನಿಗೆ ಗೊತ್ತು.

ಮುಂದಿನ ವರ್ಷ ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಅಣ್ಣನು ಆ ಬಾಗಿಲಿನಿಂದ ಆಚೆಗೆ ಹೋಗಿ, ತಮ್ಮನ ಜಗಲಿಯ ಮೇಲೆ ಕುಳಿತು ಕೇಳಿದನು: "ಈ ಸಲ ಏನು ಬಿತ್ತೋಣ?"

ತಮ್ಮನು ಉತ್ತರ ಹೇಳುವ ಮೊದಲು ಸ್ವಲ್ಪ ಯೋಚಿಸಿದನು. ಅಣ್ಣನು ಕಾದನು.