ಜೋನಿಬೆಲ್ಲ ಮತ್ತು ಅಪ್ಪನ ರಕ್ತನಾಳ

ಮೊನ್ನೆ ಊರಿಗೆ ಹೋಗಿದ್ದೆ. ಅಮ್ಮ ದೋಸೆಗೆ ಜೋನಿಬೆಲ್ಲ ಸುರಿಯುತ್ತಿದ್ದಳು. ಡಬ್ಬಿ ಬಗ್ಗಿಸಿದರೆ ನಡುವಿನದು ಜಾರುತ್ತದೆ, ಅಂಚಿಗೆ ಅಂಟಿದ್ದು ಕದಲುವುದೇ ಇಲ್ಲ. ಇಂಜಿನಿಯರಿಂಗ್‌ನಲ್ಲಿ ನಾನು ಬಾಯಿಪಾಠ ಹೊಡೆದು ಪಾಸಾದ ವಿಷಯ ಇದೇ! ನಿಂತ ದ್ರವದಲ್ಲಿ ಒತ್ತಡ ಒಂದೇ. ಒಂದು ಜಾಗದಲ್ಲಿ ಎಲ್ಲ ದಿಕ್ಕಿಗೂ ಸಮನಾಗಿ ತಳ್ಳುತ್ತದೆ. ಹರಿಯತೊಡಗಿದರೆ ಪದರಕ್ಕೆ ಪದರ ಉಜ್ಜಿ, ಹಿಂದಕ್ಕೆ ಜಗ್ಗುವ ಇನ್ನೊಂದು ಬಲ ಹುಟ್ಟುತ್ತದೆ. ಕೊಳವೆಯ ಗೋಡೆಯ ಈ ಜಗ್ಗಾಟಕ್ಕೇ ಒತ್ತಡ ಮುಂದೆ ಹೋದಂತೆ ಖರ್ಚಾಗುತ್ತಾ ಹೋಗುತ್ತದೆ.

ಇದು ನಿಜವಾಗಿ ಅರ್ಥವಾಗಿದ್ದು ಹೋದ ವರ್ಷ, ಅಪ್ಪನ ಆಂಜಿಯೋಗ್ರಾಂ ದಿನ. ಡಾಕ್ಟ್ರು ಪರದೆ ತೋರಿಸಿ, "ಇಲ್ಲಿ ಅರ್ಧಕ್ಕಿಂತ ಹೆಚ್ಚು ಕಿರಿದಾಗಿದೆ" ಅಂದರು. "ಇನ್ನೂ ಸ್ವಲ್ಪ ತೆರೆದಿದೆಯಲ್ಲ ಬಿಡಿ" ಅಂತ ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ. ನೆನಪಾಗಿದ್ದು ಪ್ವಾಜೋಯ್... ರಕ್ತದ ಹರಿವು ತಿಳಿಯಲೆಂದು 1840ರ ಆಸುಪಾಸಿನಲ್ಲಿ ಕೂದಲೆಳೆಯಂಥ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಅಳೆದ ಫ್ರೆಂಚ್ ವೈದ್ಯ. ಅಗಲ ಅರ್ಧವಾದರೆ, ಅದೇ ಒತ್ತಡಕ್ಕೆ ಹರಿವು ಅರ್ಧವಲ್ಲ, ಹದಿನಾರನೇ ಒಂದು ಪಾಲು! (ರಕ್ತ ನೀರಿನಂತಲ್ಲ, ನಾಳ ಗಾಜಲ್ಲ, ಕಿರಿದಾದದ್ದು ತುಸು ಉದ್ದ ಮಾತ್ರ. ಗೊತ್ತು. ಆದರೂ ಆ ಹದಿನಾರು ರಾತ್ರಿಯಿಡೀ ತಲೆಯೊಳಗೆ ಕೂತಿತ್ತು.)

ಮರುದಿನವೇ ಸ್ಟೆಂಟ್ ಹಾಕಿದರು.

ಮೊನ್ನೆ ಅಮ್ಮ ಆ ಕಡೆ ತಿರುಗಿದ್ದೇ ತಡ, ಅಪ್ಪ ಜೋನಿಬೆಲ್ಲದ ಡಬ್ಬಿಗೆ ಬೆರಳು ಹಾಕಿದರು. ನಾನು ನೋಡಿದೆ, ಹೇಳಲಿಲ್ಲ.